ಬಳಕೆಯ ಇಂಗ್ಲಿಷು: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷ್ ವ್ಯಾಕರಣವನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪ್ರಶ್ನೆಗಳು ಬೇರೆಬೇರೆಯಾದರೂ ಅವುಗಳ ಹಿಂದಿನ ತೊಡಕು ಹೆಚ್ಚುಕಡಿಮೆ ಒಂದೇ: ಪುಸ್ತಕದಲ್ಲಿ ಕಲಿತ ನಿಯಮಕ್ಕೂ ಕಿವಿಗೆ ಬೀಳುವ ಮಾತಿಗೂ ತಾಳೆಯಾಗುತ್ತಿಲ್ಲ. ಆದ್ದರಿಂದ ಉತ್ತರಗಳಲ್ಲಿ ನಿಯಮಕ್ಕಿಂತ ಬಳಕೆಗೆ ಹೆಚ್ಚು ಗಮನ ಕೊಟ್ಟಿದ್ದೇನೆ. ನೆರವಾಗುವ ಕಡೆಯಲ್ಲೆಲ್ಲ ನಮ್ಮ ಕನ್ನಡದ ನಡೆಯನ್ನೂ ಪಕ್ಕದಲ್ಲಿಟ್ಟು ನೋಡಿದ್ದೇನೆ.

ಪ್ರಶ್ನೆ: ಇಂಗ್ಲಿಷಿನಲ್ಲಿ 12 ಟೆನ್ಸ್‌ಗಳಿವೆ ಎಂದು ಕಲಿತು ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೂ ಮಾತನಾಡಲು ಹೊರಟರೆ ಯಾವುದನ್ನು ಬಳಸಬೇಕೆಂದು ತೋಚದೆ ನಿಂತುಬಿಡುತ್ತೇನೆ. ಆ ಭಾಷೆಯನ್ನು ಮನೆಮಾತಾಗಿ ಆಡುವವರು ಈ 12 ಟೆನ್ಸ್‌ಗಳನ್ನೂ ನಿಜವಾಗಿ ಬಳಸುತ್ತಾರೆಯೇ? (ಪದವಿ ವಿದ್ಯಾರ್ಥಿನಿ)

ಉತ್ತರ: ಬಳಸುತ್ತಾರೆ, ಆದರೆ ಸಮಪಾಲಿನಲ್ಲಿ ಅಲ್ಲ. ಪುಸ್ತಕದ ಪಟ್ಟಿಯಲ್ಲಿ 12 ರೂಪಗಳಿಗೂ ಒಂದೇ ಅಳತೆಯ ಜಾಗ ಸಿಕ್ಕಿರುವುದರಿಂದ ಅವೆಲ್ಲ ಒಂದೇ ತೂಕದವು ಎಂಬ ಭಾವನೆ ಕಲಿಯುವವರಲ್ಲಿ ಬೇರೂರುತ್ತದೆ. ವಾಸ್ತವ ಎಷ್ಟು ಬೇರೆ ಎಂಬುದು ಎಣಿಸಿ ನೋಡಿದಾಗಲಷ್ಟೇ ತಿಳಿಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ ಅವರು 1961ರಲ್ಲಿ ಅಚ್ಚಾದ ಬರಹಗಳಿಂದ ತಲಾ ಸುಮಾರು 2000 ಪದಗಳ 500 ತುಣುಕುಗಳನ್ನು ಆಯ್ದು, ಹತ್ತು ಲಕ್ಷ ಪದಗಳ ಸಂಗ್ರಹವೊಂದನ್ನು ಕಂಪ್ಯೂಟರಿಗೆ ಅಳವಡಿಸಿದರು. ಇಂತಹ ಸಂಗ್ರಹಕ್ಕೆ ಭಾಷಾವಿಜ್ಞಾನಿಗಳು ಕಾರ್ಪಸ್ ಎನ್ನುತ್ತಾರೆ. ಮುಂದೆ 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹತ್ತು ಕೋಟಿ ಪದಗಳ ರಾಷ್ಟ್ರೀಯ ಕಾರ್ಪಸ್ ಸಿದ್ಧವಾಯಿತು. ಅದರಲ್ಲಿ ಸುಮಾರು ಹತ್ತನೆಯ ಒಂದು ಭಾಗ ಆಡುಮಾತಿನಿಂದಲೇ ಬರೆದಿಳಿಸಿದ್ದು.

ಇಂತಹ ದೊಡ್ಡ ಸಂಗ್ರಹಗಳನ್ನು ಆಧರಿಸಿ 1999ರಲ್ಲಿ ಪ್ರಕಟವಾದ ಬೃಹತ್ ವ್ಯಾಕರಣವೊಂದು, ಇಂಗ್ಲಿಷಿನ ಕ್ರಿಯಾರೂಪಗಳಲ್ಲಿ ನೂರಕ್ಕೆ ಸುಮಾರು 90 ಪಾಲು ಸರಳ ರೂಪಗಳೇ ಎಂದು ತೋರಿಸಿತು. 'ಐ ಗೋ', 'ಐ ವೆಂಟ್', 'ಐ ವಿಲ್ ಗೋ' ಎಂಬಂಥವು ಅವು. ಕಂಟಿನ್ಯುಯಸ್ ಮತ್ತು ಪರ್ಫೆಕ್ಟ್ ರೂಪಗಳು ಉಳಿದ ಪಾಲನ್ನು ಹಂಚಿಕೊಳ್ಳುತ್ತವೆ. 'ಐ ಹ್ಯಾವ್ ಬೀನ್ ಗೋಯಿಂಗ್' ಎಂಬಂತಹ ಪರ್ಫೆಕ್ಟ್ ಕಂಟಿನ್ಯುಯಸ್ ರೂಪಗಳಂತೂ ನೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಮಾತುಕತೆಯಲ್ಲಿ ಕಂಟಿನ್ಯುಯಸ್ ರೂಪವೇ ಹೆಚ್ಚು ಎಂಬ ನಂಬಿಕೆ ಶಿಕ್ಷಕರಲ್ಲೂ ಇದೆ. ಆದರೆ ಎಣಿಕೆಯ ಪ್ರಕಾರ ಅಲ್ಲಿಯೂ ಸರಳ ರೂಪಗಳು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಬರುತ್ತವೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಅದೇ ವ್ಯಾಕರಣದ ಎಣಿಕೆಯಂತೆ, ಸಹಾಯಕ ಕ್ರಿಯಾಪದಗಳನ್ನು ಬಿಟ್ಟರೆ, ಇಂಗ್ಲಿಷ್ ಮಾತುಕತೆಯ ಕ್ರಿಯಾಪದಗಳಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಪಾಲನ್ನು ಕೇವಲ 12 ಪದಗಳು ಹೊರುತ್ತವೆ: ಸೇ, ಗೆಟ್, ಗೋ, ನೋ, ಥಿಂಕ್, ಸೀ, ಮೇಕ್, ಕಮ್, ಟೇಕ್, ವಾಂಟ್, ಗಿವ್, ಮೀನ್. ಇವುಗಳಲ್ಲಿ 'ವಾಂಟ್' ಒಂದೇ 'ಎಡ್' ಪ್ರತ್ಯಯ ಹತ್ತುವ ಕ್ರಮಬದ್ಧ ಪದ. ಉಳಿದ ಹನ್ನೊಂದೂ 'ವೆಂಟ್', 'ಸಾ', 'ಥಾಟ್' ಎಂದು ತಮ್ಮದೇ ದಾರಿ ಹಿಡಿದವು. ಇದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನ 177 ಅಕ್ರಮ ಕ್ರಿಯಾಪದಗಳ ಇತಿಹಾಸವನ್ನು ಪರಿಶೀಲಿಸಿದ 2007ರ ಅಧ್ಯಯನವೊಂದು, ಅವುಗಳಲ್ಲಿ 98 ಮಾತ್ರ ಇಂದಿಗೂ ಅಕ್ರಮವಾಗಿ ಉಳಿದಿವೆಯೆಂದೂ ಅಪರೂಪಕ್ಕೆ ಬಳಕೆಯಾಗುವವೇ ಬೇಗ 'ಎಡ್' ಪ್ರತ್ಯಯಕ್ಕೆ ಒಲಿದವೆಂದೂ ತೋರಿಸಿತು. ದಿನವೂ ನಾಲಿಗೆಯ ಮೇಲೆ ಹೊರಳುವ ಪದ ತನ್ನ ಹಳೆಯ ರೂಪವನ್ನು ಉಳಿಸಿಕೊಳ್ಳುತ್ತದೆ. ಕನ್ನಡದಲ್ಲಿಯೂ 'ಬಾ' ಎಂಬುದು 'ಬಂದ' ಎಂದೂ 'ಕೊಡು' ಎಂಬುದು 'ಕೊಟ್ಟ' ಎಂದೂ ಆಗುತ್ತವೆಯೇ ಹೊರತು 'ಮಾಡಿದ', 'ಓದಿದ' ಎಂಬುವುಗಳ ಸಾಲಿಗೆ ಸೇರುವುದಿಲ್ಲ.

ಹೀಗಾಗಿ ನಿಮಗೆ ನನ್ನ ಸಲಹೆ ಇದು: 12 ಟೆನ್ಸ್‌ಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ಮೇಲಿನ 12 ಕ್ರಿಯಾಪದಗಳನ್ನು ಸರಳ ವರ್ತಮಾನ ಮತ್ತು ಸರಳ ಭೂತಕಾಲಗಳಲ್ಲಿ ಪ್ರಶ್ನೆ, ನಿಷೇಧಗಳೊಡನೆ ತಡವರಿಸದೆ ಹೇಳುವುದನ್ನು ಮೊದಲು ರೂಢಿಸಿಕೊಳ್ಳಿ.

ಪ್ರಶ್ನೆ: 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ' ಎಂದು ಬರೆದ ವಿದ್ಯಾರ್ಥಿಯನ್ನು ತಿದ್ದಿದೆ. 'ನಿನ್ನೆ ಅವನನ್ನು ನೋಡಿದ್ದೇನೆ ಎಂದು ಕನ್ನಡದಲ್ಲಿ ಹೇಳಬಹುದಲ್ಲ, ಇಂಗ್ಲಿಷಿನಲ್ಲಿ ಏಕೆ ಕೂಡದು?' ಎಂದು ಅವನು ಕೇಳಿದ. ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. (ಪ್ರೌಢಶಾಲಾ ಶಿಕ್ಷಕಿ)

ಉತ್ತರ: ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಬಹಳ ಒಳ್ಳೆಯದು, ಅದನ್ನು ಅವನಿಗೆ ದಯವಿಟ್ಟು ತಿಳಿಸಿ. ಕನ್ನಡದ 'ನೋಡಿದ್ದೇನೆ' ಎಂಬ ರೂಪವೂ ಇಂಗ್ಲಿಷಿನ 'ಹ್ಯಾವ್ ಸೀನ್' ಎಂಬ ರೂಪವೂ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ನಡೆದುಹೋದ ಸಂಗತಿಯೊಂದರ ಫಲ ಅಥವಾ ಸಂಬಂಧ ಈ ಹೊತ್ತಿಗೂ ಇದೆ ಎಂದು ಎರಡೂ ಸೂಚಿಸುತ್ತವೆ. 'ಆ ಪುಸ್ತಕವನ್ನು ಓದಿದೆ' ಎಂದರೆ ಓದಿದ ಘಟನೆ ಮುಂದೆ ನಿಲ್ಲುತ್ತದೆ. 'ಓದಿದ್ದೇನೆ' ಎಂದರೆ ಅದರ ವಿಷಯ ಈಗಲೂ ನನಗೆ ತಿಳಿದಿದೆ ಎಂಬ ಧ್ವನಿ ಸೇರಿಕೊಳ್ಳುತ್ತದೆ. ಇಷ್ಟರ ಮಟ್ಟಿಗೆ ಕನ್ನಡಿಗರಿಗೆ ಪ್ರೆಸೆಂಟ್ ಪರ್ಫೆಕ್ಟ್ ಹೊರಗಿನದೇನೂ ಅಲ್ಲ, ಮತ್ತು ಅದನ್ನು ಹಾಗೆಯೇ ಕಲಿಸಬೇಕು.

ವ್ಯತ್ಯಾಸವಿರುವುದು ಒಂದೇ ಕಡೆ. ಕನ್ನಡದಲ್ಲಿ ಈ ರೂಪದ ಜೊತೆಗೆ 'ನಿನ್ನೆ', 'ಹೋದ ವರ್ಷ' ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದರೂ ವಾಕ್ಯ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಎಂಬುದು ಹೆಸರಿಗೆ ತಕ್ಕಂತೆ ವರ್ತಮಾನದ ರೂಪ. 'ಹ್ಯಾವ್' ಎಂಬ ವರ್ತಮಾನದ ಪದ ಅದರೊಳಗೇ ಇದೆ. ಮುಗಿದ ಸಮಯವೊಂದನ್ನು ಹೆಸರಿಸಿದ ಕೂಡಲೇ ಆ ರೂಪ ಸರಿದು ನಿಂತು 'ಐ ಸಾ ಹಿಮ್ ಯೆಸ್ಟರ್ಡೇ' ಎಂಬ ಸರಳ ಭೂತಕಾಲಕ್ಕೆ ಎಡೆಮಾಡಿಕೊಡುತ್ತದೆ. 'ಟುಡೇ', 'ದಿಸ್ ವೀಕ್' ಎಂಬಂತೆ ಇನ್ನೂ ಮುಗಿಯದ ಸಮಯದ ಜೊತೆ ಅದಕ್ಕೆ ಯಾವ ತಕರಾರೂ ಇಲ್ಲ.

ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಗಳು ಇಲ್ಲಿ ಸ್ವಲ್ಪ ಬೇರೆಯಾಗುತ್ತವೆ. 'ಹ್ಯಾವ್ ಯು ಈಟನ್ ಯೆಟ್?' ಎಂದು ಬ್ರಿಟಿಷರು ಕೇಳುವಲ್ಲಿ ಅಮೆರಿಕನ್ನರು 'ಡಿಡ್ ಯು ಈಟ್ ಯೆಟ್?' ಎಂದು ಕೇಳುವುದು ಸಾಮಾನ್ಯ. ಎರಡನ್ನೂ ತಪ್ಪೆಂದು ಗುರುತು ಹಾಕುವ ಅಗತ್ಯವಿಲ್ಲ.

ಪ್ರಶ್ನೆ: 'ಡಿಸ್ಕಸ್ ಅಬೌಟ್' ತಪ್ಪು, 'ಡಿಸ್ಕಷನ್ ಅಬೌಟ್' ಸರಿ. 'ಎಂಫಸೈಸ್ ಆನ್' ತಪ್ಪು, 'ಎಂಫಸಿಸ್ ಆನ್' ಸರಿ. ಇದನ್ನೆಲ್ಲ ಒಂದೊಂದಾಗಿ ನೆನಪಿಡುವುದಲ್ಲದೆ ಬೇರೆ ದಾರಿಯಿಲ್ಲವೇ? (ಕಚೇರಿ ನೌಕರ)

ಉತ್ತರ: ಇದೆ, ಮತ್ತು ಅದರ ಸುಳಿವು ನಿಮ್ಮ ಉದಾಹರಣೆಗಳಲ್ಲಿಯೇ ಇದೆ. ನೀವು ಕೊಟ್ಟ ಎರಡು ಜೋಡಿಗಳ ಪಕ್ಕದಲ್ಲಿ ಇನ್ನಷ್ಟನ್ನು ಇಟ್ಟು ನೋಡಿ: 'ಎಂಟರ್ ದ ರೂಮ್' ಆದರೆ 'ಎಂಟ್ರಿ ಇಂಟು ದ ರೂಮ್', 'ರೆಸೆಂಬಲ್ ಹಿಮ್' ಆದರೆ 'ರೆಸೆಂಬ್ಲೆನ್ಸ್ ಟು ಹಿಮ್', 'ಅಟ್ಯಾಕ್ ದೆಮ್' ಎಂಬುದು ಕ್ರಿಯೆ, 'ಆ್ಯನ್ ಅಟ್ಯಾಕ್ ಆನ್ ದೆಮ್' ಎಂಬುದು ನಾಮ, 'ಆನ್ಸರ್ ದ ಕ್ವೆಶ್ಚನ್' ಎಂಬುದು ಕ್ರಿಯೆ, 'ದಿ ಆನ್ಸರ್ ಟು ದ ಕ್ವೆಶ್ಚನ್' ಎಂಬುದು ನಾಮ. ಕ್ರಿಯಾಪದವಾಗಿದ್ದಾಗ ಈ ಪದಗಳು ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ. ಅವೇ ನಾಮಪದವಾದಾಗ ನೇರವಾಗಿ ಹಿಡಿಯುವ ಶಕ್ತಿ ಹೋಗುತ್ತದೆ. ಆಗ ನಡುವೆ ಪ್ರಿಪೊಸಿಷನ್ ಎಂಬ ಕೊಂಡಿ ಬೇಕಾಗುತ್ತದೆ.

ಕನ್ನಡದಲ್ಲಿ ನಾವು ಮಾಡುವುದೂ ಇದನ್ನೇ. 'ಕಾವ್ಯವನ್ನು ಓದಿದೆ' ಎಂಬಲ್ಲಿ ದ್ವಿತೀಯಾ ವಿಭಕ್ತಿ. ಅದೇ ಓದು ನಾಮಪದವಾದ ಕೂಡಲೇ 'ಕಾವ್ಯದ ಓದು' ಎಂದು ಷಷ್ಠಿಗೆ ತಿರುಗುತ್ತದೆ. 'ಕಾವ್ಯವನ್ನು ಓದು ಚೆನ್ನಾಗಿತ್ತು' ಎಂದು ಯಾವ ಕನ್ನಡಿಗನೂ ಹೇಳಲಾರ, ಆ ನಿಯಮವನ್ನು ಅವನು ಎಂದೂ ಬಾಯಿಪಾಠ ಮಾಡದಿದ್ದರೂ. 'ಡಿಸ್ಕಸ್ ಅಬೌಟ್' ಎಂಬ ತಪ್ಪು ಅಜ್ಞಾನದಿಂದ ಹುಟ್ಟಿದ್ದಲ್ಲ. 'ಡಿಸ್ಕಷನ್ ಅಬೌಟ್', 'ಟಾಕ್ ಅಬೌಟ್' ಎಂಬ ಸರಿಯಾದ ಬಳಕೆಗಳನ್ನು ಕೇಳಿದ ಕಿವಿ ಅದನ್ನು ನೆರೆಯ ಪದಕ್ಕೂ ಹಬ್ಬಿಸಿದ್ದರಿಂದ ಹುಟ್ಟಿದ್ದು. ತಪ್ಪಿನ ಹಿಂದಿರುವ ಈ ತರ್ಕವನ್ನು ಗೌರವಿಸಿ ತಿದ್ದಿದರೆ ಕಲಿಯುವವರು ಕುಗ್ಗುವುದಿಲ್ಲ.

ನಾಮಪದಕ್ಕೆ ಕೊಂಡಿ ಬೇಕೆಂಬುದು ಹೀಗೆ ಊಹೆಗೆ ಸಿಗುತ್ತದೆ. ಆದರೆ ಕ್ರಿಯಾಪದವೊಂದು ತನ್ನ ಮುಂದೆ ಏನನ್ನು ಬಯಸುತ್ತದೆ ಎಂಬುದು ಪೂರ್ತಿ ಊಹೆಗೆ ಸಿಗುವುದಿಲ್ಲ. 'ಟೆಲ್ ಮಿ' ಎನ್ನಬಹುದು, 'ಸೇ ಮಿ' ಎನ್ನುವಂತಿಲ್ಲ. 'ಅಡ್ವೈಸ್ ಮಿ ಟು ಗೋ' ಸರಿ, 'ಸಜೆಸ್ಟ್ ಮಿ ಟು ಗೋ' ಸರಿಯಲ್ಲ. 'ಶೋ ಮಿ ದ ವೇ' ಎನ್ನುತ್ತಾರೆ, 'ಎಕ್ಸ್‌ಪ್ಲೇನ್ ಮಿ ದ ರೂಲ್' ಎನ್ನುವುದಿಲ್ಲ, 'ಎಕ್ಸ್‌ಪ್ಲೇನ್ ದ ರೂಲ್ ಟು ಮಿ' ಎನ್ನುತ್ತಾರೆ. ಅರ್ಥ ಹತ್ತಿರವಿದ್ದರೂ ಪ್ರತಿ ಪದಕ್ಕೂ ಅದರದೇ ಆದ ವಾಕ್ಯದ ಅಚ್ಚು ಇದೆ. ಇದನ್ನು ಮೊದಲು ಸಮಗ್ರವಾಗಿ ಗಮನಿಸಿದವರಲ್ಲಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮುಖ್ಯರು. ಕಲಿಯುವವರಿಗೆ ಪದದ ಅರ್ಥವಷ್ಟೇ ಸಾಲದು, ಅದನ್ನು ಯಾವ ಅಚ್ಚಿನಲ್ಲಿ ಕೂರಿಸಬೇಕೆಂಬುದೂ ಬೇಕು ಎಂದು ಕಂಡುಕೊಂಡು, ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿ, 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ನಿಘಂಟಿನಲ್ಲಿ ಅವುಗಳನ್ನು ಪದಪದಕ್ಕೂ ಸೂಚಿಸಿದರು. ವಿದ್ಯಾರ್ಥಿ ನಿಘಂಟುಗಳಲ್ಲಿ ಇಂದು ಕ್ರಿಯಾಪದದ ಪಕ್ಕ ಕಾಣುವ ವಾಕ್ಯಮಾದರಿಯ ಸೂಚನೆಗಳು ಆ ಪರಂಪರೆಯವು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ, ಕಾರ್ಪಸ್ ಆಧರಿಸಿ ಸಿದ್ಧವಾಗಿ 1987ರಲ್ಲಿ ಹೊರಬಂದ ನಿಘಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದದ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ, ಆ ಪದದ ಸಹಜ ಅಚ್ಚಿನಲ್ಲಿಯೇ ವಿವರಿಸಿತು.

ಸಿಂಕ್ಲೇರ್ ಅವರ ಬಳಗದ ಕೆಲಸದಿಂದ ಇನ್ನೊಂದು ಉಪಯುಕ್ತ ಸಂಗತಿಯೂ ಹೊರಬಿತ್ತು: ಒಂದೇ ಅಚ್ಚನ್ನು ಬಯಸುವ ಪದಗಳು ಅರ್ಥದಲ್ಲಿಯೂ ಒಂದಕ್ಕೊಂದು ನೆಂಟರಾಗಿರುತ್ತವೆ. 'ಲುಕ್', 'ಸ್ಟೇರ್', 'ಗ್ಲಾನ್ಸ್', 'ಗೇಜ್' ಎಂಬ ನೋಟದ ಪದಗಳಿಗೆಲ್ಲ 'ಆ್ಯಟ್' ಬರುತ್ತದೆ. 'ಗುಡ್', 'ಬ್ಯಾಡ್', 'ಕ್ಲೆವರ್', 'ಬ್ರಿಲಿಯಂಟ್' ಎಂದು ಸಾಮರ್ಥ್ಯವನ್ನು ಹೇಳುವಾಗಲೂ 'ಆ್ಯಟ್' ಬರುತ್ತದೆ. ಆದ್ದರಿಂದ ಪದಗಳನ್ನು ಅಕಾರಾದಿಯಾಗಿ ಕಲಿಯುವ ಬದಲು ಹೀಗೆ ಗುಂಪುಗುಂಪಾಗಿ ಕಲಿಯಿರಿ. ಹೊಸ ಕ್ರಿಯಾಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಒಂಟಿಯಾಗಿ ಬರೆಯದೆ, ಅದರ ಮುಂದೆ ಬರುವ ಒಂದೆರಡು ಪದಗಳನ್ನೂ ಸೇರಿಸಿ ಬರೆದುಕೊಳ್ಳುವುದು ನಾನು ಬಲ್ಲ ಎಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಟ್ಟಿರುವ ಉಪಾಯ.

ಪ್ರಶ್ನೆ: 'ದ' ಎಂಬ ಆರ್ಟಿಕಲ್ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದು ಇಷ್ಟು ವರ್ಷವಾದರೂ ನನಗೆ ಹಿಡಿತಕ್ಕೆ ಬಂದಿಲ್ಲ. ಕನ್ನಡದಲ್ಲಿ ಇಲ್ಲದ ವಸ್ತು ಇದು. (ನಿವೃತ್ತ ಓದುಗರು)

ಉತ್ತರ: ತಾವು ಹೇಳಿದ ಕಷ್ಟ ನಿಜ, ಮತ್ತು ಅದನ್ನು ತಪ್ಪಿಸಿಕೊಂಡು ಹೋಗುವಂತೆಯೂ ಇಲ್ಲ, ಬ್ರೌನ್ ಕಾರ್ಪಸ್ಸಿನಲ್ಲಿ ಪ್ರತಿ 100 ಪದಗಳಿಗೆ ಸುಮಾರು 7 'ದ'ಗಳೇ ಇವೆ. ಆದರೆ ಕನ್ನಡದಲ್ಲಿ ಇದು ಇಲ್ಲವೇ ಇಲ್ಲ ಎಂಬ ಮಾತನ್ನು ನಾನು ವಿನಯದಿಂದ ತಿದ್ದಬಯಸುತ್ತೇನೆ. ನಮ್ಮಲ್ಲಿ ಆ ಪದವಿಲ್ಲ. ಆ ಪದ ಮಾಡುವ ಕೆಲಸ ಇದೆ.

'ಪುಸ್ತಕ ತಂದೆ' ಮತ್ತು 'ಪುಸ್ತಕವನ್ನು ತಂದೆ' ಎಂಬ ಎರಡು ವಾಕ್ಯಗಳನ್ನು ನಿಧಾನವಾಗಿ ಹೇಳಿಕೊಂಡು ನೋಡಿ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ, ಅಥವಾ ಕೆಲವು ಪುಸ್ತಕಗಳೂ ಇರಬಹುದು. ಕೇಳುವವರಿಗೆ ಅದು ಹೊಸ ಸುದ್ದಿ. ಎರಡನೆಯದರಲ್ಲಿ ನಾವಿಬ್ಬರೂ ಬಲ್ಲ, ಹಿಂದೆ ಪ್ರಸ್ತಾಪವಾದ ಪುಸ್ತಕ ಎಂಬ ಧ್ವನಿ ಸಹಜವಾಗಿ ಬರುತ್ತದೆ. ಪ್ರಾಣಿ, ವ್ಯಕ್ತಿಗಳಲ್ಲದ ಕರ್ಮಪದಕ್ಕೆ 'ಅನ್ನು' ಪ್ರತ್ಯಯವನ್ನು ಸೇರಿಸುವುದು, ಬಿಡುವುದು ಎರಡೂ ಸಾಧ್ಯವಿರುವ ಇಂತಹ ಕಡೆಗಳಲ್ಲಿ ಪ್ರತ್ಯಯ ಹೀಗೆ ನಿರ್ದಿಷ್ಟತೆಯನ್ನು ಸೂಚಿಸುತ್ತದೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ 'ಎ ಬುಕ್', ಎರಡನೆಯದಕ್ಕೆ 'ದ ಬುಕ್'. ಹಾಗೆಯೇ ಕಥೆ ಹೇಳುವಾಗ 'ಒಬ್ಬ ರಾಜನಿದ್ದ' ಎಂದು ಆರಂಭಿಸಿ, ಮುಂದಿನ ವಾಕ್ಯದಲ್ಲಿ 'ಆ ರಾಜನಿಗೆ' ಎಂದೋ ಬರಿದೇ 'ರಾಜನಿಗೆ' ಎಂದೋ ಮುಂದುವರಿಸುತ್ತೇವಲ್ಲ, 'ಎ' ಮತ್ತು 'ದ'ಗಳ ಸಂಬಂಧ ಅದೇ.

ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಓದುವವರಿಗೆ ಈಗಾಗಲೇ ಗೊತ್ತೇ? ಗೊತ್ತಿದ್ದರೆ 'ದ'. ನದಿಗಳ ಹೆಸರಿಗೆ 'ದ' ಬರುತ್ತದೆ, ಕೆರೆ ಸರೋವರಗಳ ಹೆಸರಿಗೆ ಸಾಮಾನ್ಯವಾಗಿ ಬರುವುದಿಲ್ಲ ಎಂಬಂತಹವು ರೂಢಿಯ ಮಾತುಗಳು. ಅವುಗಳಿಗೆ ಕಾರಣ ಹುಡುಕುತ್ತ ಕೂರಬೇಕಾಗಿಲ್ಲ.

ಪ್ರಶ್ನೆ: ಆಕ್ಟಿವ್ ವಾಯ್ಸ್ ವಾಕ್ಯಗಳನ್ನು ಪ್ಯಾಸಿವ್ ವಾಯ್ಸ್‌ಗೆ ಬದಲಾಯಿಸುವ ಅಭ್ಯಾಸವನ್ನು ವರ್ಷವಿಡೀ ಮಾಡಿಸುತ್ತಾರೆ. ಇದರಿಂದ ಪ್ರಯೋಜನವಿದೆಯೇ? (ಪಿಯುಸಿ ವಿದ್ಯಾರ್ಥಿ)

ಉತ್ತರ: ರೂಪವನ್ನು ಕಲಿಯುವಷ್ಟರ ಮಟ್ಟಿಗೆ ಇದೆ. ಆದರೆ ಆ ಅಭ್ಯಾಸ ಬಳಕೆಯ ಬಗ್ಗೆ ತಪ್ಪು ಚಿತ್ರ ಕೊಡುತ್ತದೆ. 'ರಾಮ ಕಿಲ್ಡ್ ರಾವಣ' ಎಂಬುದನ್ನು 'ರಾವಣ ವಾಸ್ ಕಿಲ್ಡ್ ಬೈ ರಾಮ' ಎಂದು ತಿರುಗಿಸುವಾಗ 'ಬೈ' ಕಡ್ಡಾಯವೆಂಬಂತೆ ಕಾಣುತ್ತದೆ. ನಿಜವಾದ ಬಳಕೆಯಲ್ಲಿ ಹೆಚ್ಚಿನ ಪ್ಯಾಸಿವ್ ವಾಕ್ಯಗಳಲ್ಲಿ 'ಬೈ' ಇರುವುದೇ ಇಲ್ಲ, ಏಕೆಂದರೆ ಮಾಡಿದವರು ಯಾರೆಂದು ಗೊತ್ತಿಲ್ಲದಿರುವಾಗ, ಅಥವಾ ಹೇಳುವ ಅಗತ್ಯವಿಲ್ಲದಿರುವಾಗ, ಅಥವಾ ಹೇಳಲು ಮನಸ್ಸಿಲ್ಲದಿರುವಾಗಲೇ ಈ ರೂಪ ಮುಖ್ಯವಾಗಿ ಕೆಲಸಕ್ಕೆ ಬರುವುದು. ಕನ್ನಡದ 'ನಿರ್ಧರಿಸಲಾಗಿದೆ', 'ತಿಳಿಸಲಾಯಿತು' ಎಂಬ ರೂಪಗಳಲ್ಲಿ ಮಾಡಿದವರ ಹೆಸರು ಮರೆಯಾಗುವುದೂ ಇದೇ ಬಗೆಯಲ್ಲಿ.

ಎಲ್ಲಿ ಎಷ್ಟು ಎಂಬುದೂ ತಿಳಿದಿರಬೇಕು. ಮೇಲೆ ಹೇಳಿದ 1999ರ ವ್ಯಾಕರಣದಂತೆ ವಿದ್ವತ್ ಬರಹಗಳಲ್ಲಿ ಕ್ರಿಯಾಪದಗಳ ಸುಮಾರು ಕಾಲುಭಾಗ ಪ್ಯಾಸಿವ್ ರೂಪದಲ್ಲಿದ್ದರೆ, ಮಾತುಕತೆಯಲ್ಲಿ ಅದು ನೂರಕ್ಕೆ ಎರಡರಷ್ಟು ಮಾತ್ರ. ಹೀಗಾಗಿ ಪ್ರಯೋಗಾಲಯದ ವರದಿ ಬರೆಯುವವರಿಗೆ ಅದು ಅನಿವಾರ್ಯ; ಗೆಳೆಯರೊಡನೆ ಮಾತನಾಡುವವರಿಗೆ ಅಪರೂಪ.

ಪ್ರಶ್ನೆ: ಇಂಗ್ಲಿಷ್ ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂಬ ನಿಯಮ ನಿಜವೇ?

ಉತ್ತರ: ಅಲ್ಲ. 'ಹೂ ಆರ್ ಯು ಟಾಕಿಂಗ್ ಟು?' ಎಂಬುದು ಸಹಜವಾದ, ಶುದ್ಧವಾದ ಇಂಗ್ಲಿಷ್. ಈ ಆಕ್ಷೇಪಣೆಯನ್ನು 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರಹದ ಮೇಲೆ ಎತ್ತಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಇದು ಮಾತುಕತೆಯಲ್ಲಿ ನೆಲೆಗೊಂಡ ರೂಢಿಯೆಂದೂ ಗಂಭೀರ ಬರಹದಲ್ಲಿ ಪ್ರಿಪೊಸಿಷನ್ ಮುಂದೆ ಬಂದರೆ ಹೆಚ್ಚು ಸೊಗಸೆಂದೂ ಹೇಳಿದನೇ ಹೊರತು ತಪ್ಪೆಂದು ಸಾರಲಿಲ್ಲ. ಅದನ್ನು ವಿವರಿಸುವ ಅವನ ಮಾತಿನ ಮೊದಲ ಭಾಗವೇ 'ಟು' ಎಂಬ ಪ್ರಿಪೊಸಿಷನ್‌ನಿಂದ ಮುಗಿಯುತ್ತದೆ. ಮುಂದಿನ ತಲೆಮಾರುಗಳ ಪಠ್ಯಪುಸ್ತಕಗಳು ಆ ಸೌಮ್ಯವಾದ ಅಭಿಪ್ರಾಯವನ್ನು ಕಟ್ಟಪ್ಪಣೆಯಾಗಿಸಿದವು.

ಪ್ರಶ್ನೆ: ಒಬ್ಬ ವ್ಯಕ್ತಿಯನ್ನು ಕುರಿತು 'ದೇ' ಎಂದು ಬರೆಯುವುದು ಇತ್ತೀಚೆಗೆ ಹೆಚ್ಚಾಗಿದೆ. ಏಕವಚನಕ್ಕೆ ಬಹುವಚನ ಬಳಸುವುದು ವ್ಯಾಕರಣದ ಅವನತಿಯಲ್ಲವೇ? (ಓದುಗರೊಬ್ಬರು)

ಉತ್ತರ: 'ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಬ್ಯಾಗ್' ಎಂಬಂತೆ, ಯಾರೆಂದು ತಿಳಿಯದ ಒಬ್ಬರನ್ನು 'ದೇ' ಎಂದು ಸೂಚಿಸುವ ಬಳಕೆ 14ನೇ ಶತಮಾನದಿಂದಲೇ ಸಿಗುತ್ತದೆ. ಶೇಕ್ಸ್‌ಪಿಯರ್, ಜೇನ್ ಆಸ್ಟಿನ್ ಅವರಲ್ಲಿಯೂ ಅದು ಇದೆ. ಅದನ್ನು ಬಿಟ್ಟು 'ಹಿ' ಎಂದೇ ಬರೆಯಬೇಕೆಂಬ ಒತ್ತಾಯ 18ನೇ ಶತಮಾನದ ವ್ಯಾಕರಣಕಾರರಿಂದ ಬಂದದ್ದು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯೊಂದು, ಕಾನೂನಿನ ಭಾಷೆಯಲ್ಲಿ ಪುಲ್ಲಿಂಗದ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂದು ವಿಧಿಸಿತು. ಗಂಡು ಅಥವಾ ಹೆಣ್ಣೆಂದು ತಮ್ಮನ್ನು ಗುರುತಿಸಿಕೊಳ್ಳದ ವ್ಯಕ್ತಿಗೆ 'ದೇ' ಎನ್ನುವುದು ಈಚಿನ ಬಳಕೆ, ಮತ್ತು 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ಇದನ್ನು ವರ್ಷದ ಪದವೆಂದು ಆರಿಸಿತು.

ಇಂಗ್ಲಿಷಿನ 'ಯು' ಕೂಡ ಮೊದಲು ಬಹುವಚನವೇ. ಒಬ್ಬನಿಗೆ 'ದೌ' ಎಂಬ ಪದವಿತ್ತು. ಇಂದು ಒಬ್ಬರಿಗೇ ಹೇಳಿದರೂ 'ಯು ಆರ್' ಎನ್ನುತ್ತೇವೆಯೇ ಹೊರತು ಅದನ್ನು ಅವನತಿ ಎನ್ನುವುದಿಲ್ಲ. ಕನ್ನಡಿಗರಿಗಂತೂ ಇದು ಹೊಸದಾಗಿ ಕಾಣಬಾರದು. 'ಯಾರೋ ಬಂದಿದ್ದಾರೆ, ಅವರ ಹೆಸರು ಕೇಳು' ಎಂದು ನಾವು ಬಾಗಿಲಲ್ಲಿ ನಿಂತ ಒಬ್ಬರನ್ನು ಕುರಿತು, ಗಂಡೋ ಹೆಣ್ಣೋ ತಿಳಿಯದಿರುವಾಗಲೂ, ಯಾವ ಅಳುಕೂ ಇಲ್ಲದೆ ಹೇಳುತ್ತೇವೆ.

ಪ್ರಶ್ನೆ: 'ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್ ಮಿ' ಎಂದು ಈಗ ಬೇಕಾದ ಸಹಾಯಕ್ಕೆ ಭೂತಕಾಲವನ್ನೇಕೆ ಬಳಸುತ್ತಾರೆ? 'ಇಫ್ ಐ ವರ್' ಎಂಬಲ್ಲಿಯೂ ನಡೆಯದ ಸಂಗತಿಗೆ ಭೂತಕಾಲ ಬರುತ್ತದೆ. ಮತ್ತೆ 'ಇಫ್ ಐ ವಾಸ್' ಎಂದೂ ಕೇಳಿದ್ದೇನೆ; ಅದು ತಪ್ಪೇ? (ಅನುವಾದಕಿ)

ಉತ್ತರ: ನಿಮ್ಮ ಮೂರು ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಭೂತಕಾಲದ ರೂಪಕ್ಕೆ ಇಂಗ್ಲಿಷಿನಲ್ಲಿ ಇರುವ ಮೂಲ ಅರ್ಥ ದೂರ ಎಂದು ತಿಳಿದರೆ ಎಲ್ಲವೂ ಬಿಡಿಸಿಕೊಳ್ಳುತ್ತದೆ. 'ಐ ವೆಂಟ್' ಎಂಬಲ್ಲಿ ಸಂಗತಿ ಈ ಹೊತ್ತಿನಿಂದ ದೂರ. 'ಇಫ್ ಐ ನ್ಯೂ ದಿ ಆನ್ಸರ್' ಎಂಬಲ್ಲಿ ಸಂಗತಿ ವಾಸ್ತವದಿಂದ ದೂರ. ಉತ್ತರ ನನಗೆ ಗೊತ್ತಿಲ್ಲ. 'ಐ ವಾಂಟೆಡ್ ಟು ಆಸ್ಕ್ ಯು' ಎಂಬಲ್ಲಿ ಕೇಳುವವನು ತನ್ನ ಬೇಡಿಕೆಯಿಂದ ಒಂದು ಹೆಜ್ಜೆ ಹಿಂದೆ ನಿಂತು, ಎದುರಿನವರಿಗೆ ಇಲ್ಲವೆನ್ನಲು ಜಾಗ ಬಿಡುತ್ತಾನೆ, ಅದೇ ವಿನಯ. 'ಕುಡ್', 'ವುಡ್', 'ಮೈಟ್' ಎಂಬ ಪದಗಳು ಚರಿತ್ರೆಯಲ್ಲಿ 'ಕ್ಯಾನ್', 'ವಿಲ್', 'ಮೇ' ಎಂಬುವುಗಳ ಭೂತರೂಪಗಳೇ. 'ಕ್ಯಾನ್ ಯು' ಎಂಬುದಕ್ಕಿಂತ 'ಕುಡ್ ಯು' ಹೆಚ್ಚು ಮೃದುವಾಗಿ ಕೇಳಿಸುವುದು ಇದರಿಂದಲೇ.

ಇದನ್ನು ನಂಬಲು ಇಂಗ್ಲಿಷಿನವರೆಗೆ ಹೋಗಬೇಕಾಗಿಲ್ಲ. 'ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿತ್ತು' ಎಂದು ಹಿರಿಯರ ಮುಂದೆ ನಾವು ಹೇಳುವಾಗ, ಕೇಳಬೇಕಾದದ್ದು ಇದೇ ಕ್ಷಣದಲ್ಲಿ. ಆದರೂ 'ಕೇಳಬೇಕು' ಎನ್ನದೆ 'ಕೇಳಬೇಕಿತ್ತು' ಎನ್ನುತ್ತೇವೆ. ಬಂದವರನ್ನು 'ಏನು ಬೇಕಾಗಿತ್ತು?' ಎಂದು ವಿಚಾರಿಸುತ್ತೇವೆ. ಷರತ್ತಿನ ವಾಕ್ಯದಲ್ಲಿಯೂ ಅಷ್ಟೇ: 'ನಾಳೆ ಮಳೆ ಬಂದರೆ' ಎಂಬಲ್ಲಿನ 'ಬಂದರೆ' ಎಂಬುದು 'ಬಂದ' ಎಂಬ ಭೂತರೂಪದ ಮೇಲೆಯೇ ಕಟ್ಟಿದ ಪದ, ನಾಳೆಯ ಮಳೆ ಇನ್ನೂ ಬಂದಿಲ್ಲದಿದ್ದರೂ. 'ನೀವು ಹೇಳಿದ್ದರೆ ನಾನೇ ಬರುತ್ತಿದ್ದೆ' ಎಂಬಲ್ಲಿ ಹೇಳಿದ್ದೂ ಇಲ್ಲ, ಬಂದದ್ದೂ ಇಲ್ಲ. ಎರಡು ಕ್ರಿಯೆಗಳೂ ಭೂತಕಾಲದ ವೇಷದಲ್ಲಿವೆ. ಎರಡು ಬೇರೆ ಕುಟುಂಬಗಳ ಭಾಷೆಗಳು ಹೀಗೆ ಒಂದೇ ಉಪಾಯವನ್ನು ಕಂಡುಕೊಂಡಿರುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ. ಅನುವಾದಕರಾದ ನಿಮಗೆ ಇದರಿಂದ ನೇರ ಪ್ರಯೋಜನವೂ ಇದೆ: 'ಐ ವಾಸ್ ವಂಡರಿಂಗ್' ಎಂಬುದನ್ನು 'ನಾನು ಆಶ್ಚರ್ಯಪಡುತ್ತಿದ್ದೆ' ಎಂದು ಪದಕ್ಕೆ ಪದವಿಟ್ಟು ಬರೆದರೆ ಅರ್ಥವೇ ಕೆಡುತ್ತದೆ, 'ನಿಮ್ಮಿಂದ ಒಂದು ಸಹಾಯವಾಗಬೇಕಿತ್ತು' ಎಂದರೆ ಮಾತೂ ಉಳಿಯುತ್ತದೆ, ಅದರ ವಿನಯವೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ನಡೆಯಬಹುದಾದ ಸಂಗತಿಗೆ 'ಇಫ್ ಇಟ್ ರೇನ್ಸ್ ಟುಮಾರೋ' ಎಂದು ವರ್ತಮಾನವನ್ನೂ, ನಡೆಯುವ ಸಂಭವ ಕಡಿಮೆಯೆನಿಸಿದಾಗ 'ಇಫ್ ಇಟ್ ರೇನ್ಡ್ ಟುಮಾರೋ' ಎಂದು ಭೂತವನ್ನೂ ಬಳಸುತ್ತಾರೆ. ಕನ್ನಡದ 'ಬಂದರೆ' ಇವೆರಡನ್ನೂ ಒಂದೇ ರೂಪದಲ್ಲಿ ಹೊರುವುದರಿಂದ, ಹೇಳುವವರಿಗೆ ಎಷ್ಟು ನಂಬಿಕೆಯಿದೆ ಎಂಬುದನ್ನು ನೀವು ಬೇರೆ ಪದಗಳಿಂದ ತೋರಿಸಬೇಕಾಗುತ್ತದೆ. 'ಒಂದು ವೇಳೆ', 'ಬಂದದ್ದೇ ಆದರೆ' ಎಂಬುವು ಅದಕ್ಕೆ ಒದಗುತ್ತವೆ.

ಇನ್ನು 'ವರ್' ಮತ್ತು 'ವಾಸ್'. 'ಐ' ಎಂಬ ಕರ್ತೃಪದಕ್ಕೆ 'ವರ್' ಬರುವುದು ಹಿಂದೆ ಇಂಗ್ಲಿಷಿನಲ್ಲಿ ವ್ಯಾಪಕವಾಗಿದ್ದ ಸಂಭಾವನಾ ರೂಪದ, ಎಂದರೆ ಊಹಿಸಿದ ಅಥವಾ ವಾಸ್ತವವಲ್ಲದ ಸಂಗತಿಯನ್ನು ಹೇಳುವ ರೂಪದ, ಉಳಿಕೆ. ಉಳಿದ ಕ್ರಿಯಾಪದಗಳಲ್ಲೆಲ್ಲ ಆ ರೂಪ ಸಾಮಾನ್ಯ ಭೂತಕಾಲದೊಡನೆ ಬೆರೆತುಹೋಗಿರುವುದರಿಂದ ಇಲ್ಲಿಯೂ 'ವಾಸ್' ನುಗ್ಗಿ ಬಂದಿದೆ, ಮತ್ತು ಶತಮಾನಗಳಿಂದ ಬಳಕೆಯಲ್ಲಿದೆ. ಆದ್ದರಿಂದ 'ಇಫ್ ಐ ವಾಸ್' ಎಂದು ಮಾತನಾಡುವವರನ್ನು ತಿದ್ದಲು ಹೋಗಬೇಡಿ. ಔಪಚಾರಿಕ ಬರಹದಲ್ಲಿ ಮತ್ತು ಪರೀಕ್ಷೆಯಲ್ಲಿ ಮಾತ್ರ 'ವರ್' ಬರೆಯಿರಿ. 'ಇಫ್ ಐ ವರ್ ಯು' ಎಂದು ಸಲಹೆ ಕೊಡುವ ನುಡಿಗಟ್ಟಿನಲ್ಲಿ, ಬೇರೆಡೆ 'ವಾಸ್' ಎನ್ನುವವರ ಬಾಯಲ್ಲಿಯೂ, 'ವರ್' ಇಂದಿಗೂ ಗಟ್ಟಿಯಾಗಿ ಉಳಿದಿದೆ.